ಮೊದಲ ಸಾಕ್ಷಿಗಳು ಹೆಂಗಸರೇಕೆ?

ಪ್ರಶ್ನೆ: ಯೇಸುವಿನ ಕಾಲದ ಯೆಹೂದ್ಯ ಸಮಾಜದಲ್ಲಿ ಹೆಂಗಸರ ಸಾಕ್ಷ್ಯಕ್ಕೆ ಬೆಲೆಯಿರಲಿಲ್ಲವೆಂದು ಓದಿದ್ದೇನೆ. ಹಾಗಿದ್ದರೂ ಬರಿದಾದ ಸಮಾಧಿಯನ್ನು ಮೊದಲು ಕಂಡವರು ಹೆಂಗಸರೆಂದು ಸುವಾರ್ತೆಗಳು ಹೇಳುವುದೇಕೆ? ಅವರನ್ನು ಶಿಷ್ಯೆಯರೆನ್ನಬಹುದೇ? ಅವರಲ್ಲೊಬ್ಬಳಾದ ಮಗ್ದಲದ ಮರಿಯಳು ವೇಶ್ಯೆಯಾಗಿದ್ದಳೆಂಬುದು ನಿಜವೇ?
— ಓದುಗರೊಬ್ಬರು, ಹಾಸನ

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸೋಣ. ಮರಿಯಳು ವೇಶ್ಯೆಯಾಗಿದ್ದಳೆಂಬ ಮಾತು ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿಯೂ ಇಲ್ಲ. ಆಕೆಯನ್ನು ಏಳು ದೆವ್ವಗಳು ಬಿಟ್ಟುಹೋಗಿದ್ದವೆಂದು ಲೂಕನು ತನ್ನ ಎಂಟನೆಯ ಅಧ್ಯಾಯದಲ್ಲಿ ಹೇಳುತ್ತಾನೆ, ಅಷ್ಟೇ. ಅದರ ಹಿಂದಿನ ಅಧ್ಯಾಯದಲ್ಲಿ ಯೇಸುವಿನ ಪಾದಗಳನ್ನು ಕಣ್ಣೀರಿನಿಂದ ನೆನೆಸಿದ ಹೆಸರಿಲ್ಲದ ಪಾಪಿ ಹೆಂಗಸು, ಬೇಥಾನ್ಯದ ಮರಿಯಳು ಮತ್ತು ಮಗ್ದಲದ ಮರಿಯಳು ಒಬ್ಬಳೇ ಎಂಬ ಎಣಿಕೆ ಪಶ್ಚಿಮದ ಸಭೆಯಲ್ಲಿ ಬೇರೂರಿದ್ದು ಪೋಪ್ ಮೊದಲನೆಯ ಗ್ರೆಗರಿಯವರು 591ರಲ್ಲಿ ಮಾಡಿದ ಒಂದು ಪ್ರವಚನದಿಂದ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಇದನ್ನು ಒಪ್ಪಲಿಲ್ಲ. ಕ್ಯಾಥೊಲಿಕ್ ಸಭೆಯೂ 1969ರಲ್ಲಿ ತನ್ನ ಹಬ್ಬಗಳ ಪಂಚಾಂಗವನ್ನು ಪರಿಷ್ಕರಿಸಿದಾಗ ಈ ಎಣಿಕೆಯನ್ನು ಕೈಬಿಟ್ಟಿತು. 2016ರಲ್ಲಿ, ಜುಲೈ 22ರ ಆಕೆಯ ಸ್ಮರಣೆಯನ್ನು ಅಪೊಸ್ತಲರ, ಅಂದರೆ ಯೇಸುವಿನ ಮುಖ್ಯ ಶಿಷ್ಯರ, ಹಬ್ಬಗಳ ದರ್ಜೆಗೆ ಏರಿಸಿತು.

ಸಾಕ್ಷ್ಯದ ವಿಚಾರ ಇಷ್ಟು ಸರಳವಲ್ಲ. ಹೆಂಗಸರ ಸಾಕ್ಷ್ಯವನ್ನು ಸ್ವೀಕರಿಸಬಾರದೆಂದು ಒಂದನೆಯ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆದಿರುವುದು ನಿಜ. ಆದರೆ ಗಂಡ ಸತ್ತನೆಂಬುದಕ್ಕೆ ಹೆಂಗಸೊಬ್ಬಳ ಮಾತನ್ನು ನಂಬಿ ವಿಧವೆಗೆ ಮರುಮದುವೆಯ ಅನುಮತಿ ನೀಡಬಹುದೆಂದು ಯೆಹೂದ್ಯರ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾ ಗ್ರಂಥವೇ ಹೇಳುವುದರಿಂದ, ಬೆಲೆಯೇ ಇರಲಿಲ್ಲವೆನ್ನುವುದು ಅತಿಯಾಗುತ್ತದೆ. ಬೆಲೆ ಕಡಿಮೆಯಿತ್ತು ಎನ್ನುವುದು ಸರಿ.

ಆ ಕಡಿಮೆ ಬೆಲೆಯ ಗುರುತು ಸುವಾರ್ತೆಗಳಲ್ಲಿಯೇ ಉಳಿದಿದೆ. ಮಾರ್ಕನ ಪ್ರಕಾರ ಗಂಡು ಶಿಷ್ಯರೆಲ್ಲರೂ ಓಡಿಹೋದ ಮೇಲೆ ಶಿಲುಬೆಯನ್ನು ದೂರದಿಂದ ನೋಡುತ್ತ ನಿಂತವರು ಹೆಂಗಸರು. ಶವವನ್ನಿಟ್ಟ ಸ್ಥಳವನ್ನು ಗುರುತಿಟ್ಟುಕೊಂಡವರೂ, ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ತು ಕಳೆದ ಬೆಳಗ್ಗೆ ಸುಗಂಧದ್ರವ್ಯ ಹಿಡಿದು ಅಲ್ಲಿಗೆ ಹೋದವರೂ ಅವರಲ್ಲಿ ಕೆಲವರೇ. ಅವರು ತಂದ ಸುದ್ದಿ ಅಪೊಸ್ತಲರಿಗೆ ಬರಿಯ ಹರಟೆಯಾಗಿ ತೋರಿತೆಂದು ಲೂಕನು ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಸುವಾರ್ತೆಗಳಿಗಿಂತ ಮೊದಲೇ, ಆದಿಕಾಲದ ಕ್ರೈಸ್ತ ಪ್ರಚಾರಕನಾದ ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ, ಎದ್ದುಬಂದ ಯೇಸುವನ್ನು ಕಂಡವರ ಪಟ್ಟಿಯಿದೆ. ಅದರಲ್ಲಿ ಪೇತ್ರ, ಹನ್ನೆರಡು ಮಂದಿ, ಐನೂರಕ್ಕೂ ಹೆಚ್ಚು ಸಹೋದರರು, ಯಾಕೋಬ ಎಲ್ಲರೂ ಬರುತ್ತಾರೆ, ಒಬ್ಬ ಹೆಂಗಸಿನ ಹೆಸರೂ ಬರುವುದಿಲ್ಲ. ಎರಡನೆಯ ಶತಮಾನದಲ್ಲಿ ಕ್ರೈಸ್ತರನ್ನು ಟೀಕಿಸಿದ ಕೆಲ್ಸಸ್ ಎಂಬ ತತ್ತ್ವಜ್ಞಾನಿ, ಇದನ್ನೆಲ್ಲ ಕಂಡವಳು ಯಾರೋ ಉನ್ಮತ್ತ ಹೆಂಗಸು ಎಂದು ಹಂಗಿಸಿದ. ಹೀಗೆ ನಗೆಪಾಟಲಿಗೆ ಈಡಾಗುವ ಕಥೆಯನ್ನು ಬೇಕೆಂದೇ ಕಟ್ಟುವವರು ಕಡಿಮೆ. ನಾಲ್ಕೂ ಸುವಾರ್ತೆಗಳು ಉಳಿದ ವಿವರಗಳಲ್ಲಿ ಒಂದಕ್ಕೊಂದು ಹೊಂದದಿದ್ದರೂ ಮಗ್ದಲದ ಮರಿಯಳ ಹೆಸರನ್ನು ಬಿಡದಿರುವುದರಿಂದ, ಇದು ಬರೆಯುವವರಿಗೆ ಕೈಬಿಡಲಾಗದಷ್ಟು ಹಳೆಯ ನೆನಪಾಗಿತ್ತೆಂಬ ವಾದ ನನಗೆ ಒಪ್ಪಿಗೆಯಾಗುತ್ತದೆ. ಶವಕ್ಕೆ ಸುಗಂಧ ಹಚ್ಚುವುದು ಹೆಂಗಸರ ಕೆಲಸವಾದ್ದರಿಂದ ಕಥೆಯಲ್ಲಿ ಅವರು ಬರುವುದು ಸಹಜವೇ ಎಂಬ ಎದುರುವಾದವನ್ನೂ ತಳ್ಳಿಹಾಕುವಂತಿಲ್ಲ. ಪುನರುತ್ಥಾನ ನಡೆಯಿತೇ ಎಂಬುದು ಬೇರೆಯೇ ಪ್ರಶ್ನೆ.

ಶಿಷ್ಯೆಯರೆನ್ನಲು ಅಡ್ಡಿಯಿಲ್ಲ. ಹೆರೋದನ ಮನೆವಾರ್ತೆಯವನಾದ ಕೂಜನ ಹೆಂಡತಿ ಯೋಹಾನಳು, ಸುಸನ್ನಳು ಮೊದಲಾದವರು ಯೇಸುವಿನೊಂದಿಗೆ ಊರೂರು ತಿರುಗಿ, ತಮ್ಮ ಆಸ್ತಿಯಿಂದ ಆ ಗುಂಪಿನ ಖರ್ಚನ್ನು ನಡೆಸಿದರು. ಯೊಪ್ಪದ ತಬಿಥಾಳನ್ನು ಅಪೊಸ್ತಲರ ಕೃತ್ಯಗಳು ಗ್ರಂಥವು ನೇರವಾಗಿ ಶಿಷ್ಯಳೆಂದೇ ಕರೆಯುತ್ತದೆ. ಕೆಂಕ್ರೆಯ ಸಭಾಸೇವಕಿ ಫೊಯಿಬೆಯನ್ನು ಸತ್ಕರಿಸಬೇಕೆಂದು ಪೌಲನು ರೋಮ್‌ನವರಿಗೆ ಬರೆದ. ಹೆಂಗಸು ಉಪದೇಶಿಸಬಾರದೆಂಬ ಮಾತು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದಲ್ಲಿದೆ. ಅದು ಪೌಲನ ಹೆಸರಿನಲ್ಲಿ ನಂತರದವರು ಬರೆದ ಪತ್ರವೆಂದು ಬಹುಪಾಲು ವಿದ್ವಾಂಸರು ಎಣಿಸುತ್ತಾರೆ.

ಕ್ರೈಸ್ತರಲ್ಲದವರ ಬರಹದಲ್ಲಿಯೂ ಒಂದು ಆಧಾರವಿದೆ. ಸುಮಾರು 112ರಲ್ಲಿ ಬಿಥಿನಿಯ ಪ್ರಾಂತದ ಅಧಿಕಾರಿ ಪ್ಲಿನಿ, ಈ ಪಂಥದ ನಿಜಸ್ಥಿತಿಯನ್ನು ತಿಳಿಯಲು, ಕ್ರೈಸ್ತರು ಸೇವಕಿಯರೆಂದು ಕರೆಯುತ್ತಿದ್ದ ಇಬ್ಬರು ದಾಸಿಯರನ್ನು ಹಿಂಸಿಸಿ ವಿಚಾರಿಸಿದೆನೆಂದು ರೋಮನ್ ಚಕ್ರವರ್ತಿ ಟ್ರೇಜನ್‌ಗೆ ಪತ್ರ ಬರೆದಿದ್ದಾನೆ. ದಾಸರ ಸಾಕ್ಷ್ಯವನ್ನು ಚಿತ್ರಹಿಂಸೆಯ ಮೂಲಕವೇ ಪಡೆಯುವುದು ರೋಮನ್ ನ್ಯಾಯಪದ್ಧತಿಯಾಗಿತ್ತು. ಸಭೆಯ ಒಳಗಿನ ಸಂಗತಿಯನ್ನು ಬಲ್ಲವರೆಂದು ಆತ ವಿಚಾರಣೆಗೆ ಎಳೆದುತಂದದ್ದು ಆ ಇಬ್ಬರು ಹೆಂಗಸರನ್ನು.