ನಮ್ಮ ಮನೆ ಕಲಬುರಗಿಯಲ್ಲಿ. ಮೇ ತಿಂಗಳಲ್ಲಿ ಅಡುಗೆಮನೆಯ ಪಶ್ಚಿಮದ ಗೋಡೆಗೆ ವಿಟ್ರಿಫೈಡ್ ಟೈಲ್ಸ್ ಹಾಕಿಸಲು ಯಾವ ಕಂಪನಿಯ ಅಂಟು ಒಳ್ಳೆಯದು? ಉಳಿದ ಅಂಟಿನಲ್ಲಿ ಪಡಸಾಲೆಯ ಹಳೆಯ ಶಹಾಬಾದ್ ಕಲ್ಲಿನ ಮೇಲೂ ಹಾಕಬಹುದೇ?

ಕಲಬುರಗಿ, ಮೇ ತಿಂಗಳು, ಪಶ್ಚಿಮದ ಗೋಡೆ, ವಿಟ್ರಿಫೈಡ್ ಟೈಲ್ಸ್. ನೀವು ಬರೆದದ್ದೆಲ್ಲ ನಮ್ಮ ಮನೆಯಲ್ಲಿ ನಡೆದುಹೋಗಿದೆ. ನಾನೂ ಕಂಪನಿಯ ಹೆಸರಿಗಾಗಿಯೇ ಅಂಗಡಿ ಅಂಗಡಿ ಸುತ್ತಿ, ಎಲ್ಲಕ್ಕಿಂತ ದುಬಾರಿ ಚೀಲ ತಂದಿದ್ದೆ. ದೀಪಾವಳಿಯ ಹೊತ್ತಿಗೆ ಗ್ಯಾಸ್ ಕಟ್ಟೆಯ ಮೇಲಿನ ಸಾಲು ಕಳಚಿ ಒಗ್ಗರಣೆ ಡಬ್ಬಿಗಳ ಮೇಲೆ ಬಿತ್ತು.

ಬಿದ್ದ ಟೈಲ್ಸ್ ತಿರುಗಿಸಿ ನೋಡಿದರೆ ಬೆನ್ನಿಗೆ ಅಂಟಿನ ಕಲೆಯೂ ಇರಲಿಲ್ಲ. ಗೋಡೆಯ ಮೇಲೆ ಹಲ್ಲು ಕರಣೆ ಎಳೆದ ಗೆರೆಗಳು ಎಳೆದ ಹಾಗೆಯೇ ಎದ್ದು ನಿಂತಿದ್ದವು, ಒಂದೂ ಚಪ್ಪಟೆಯಾಗಿರಲಿಲ್ಲ. ಅಂದರೆ ಅಂಟು ಸೋತಿರಲಿಲ್ಲ. ಟೈಲ್ಸ್ ಅದಕ್ಕೆ ಅಂಟಿಯೇ ಇರಲಿಲ್ಲ.

ಆದದ್ದಿಷ್ಟು. ಸಂಜೆಯೊಳಗೆ ಮುಗಿಯಲಿ ಎಂದು ಇಡೀ 20 ಕಿಲೋ ಚೀಲವನ್ನು ಒಮ್ಮೆಗೇ ಕಲಸಲು ಹೇಳಿದವನು ನಾನು. ಕಲಸಿದ್ದು ಹಾಳಾದೀತೆಂದು ಗೌಂಡಿ ಗೋಡೆಯ ತುಂಬ ಬಳಿದುಬಿಟ್ಟರು. ಹೊರಗೆ 42 ಡಿಗ್ರಿ, ಕಿಟಕಿಯಿಂದ ಬಿಸಿಗಾಳಿ. ಒಣಗಿದ ಗಿಲಾವು ಹಿಂದಿನಿಂದ ನೀರು ಹೀರುತ್ತದೆ, ಗಾಳಿ ಮುಂದಿನಿಂದ ಎಳೆಯುತ್ತದೆ. ಕಣ್ಣಿಗೆ ಅಂಟು ಹಸಿಯಾಗಿಯೇ ಕಾಣುತ್ತದೆ, ಆದರೆ ಮೇಲೆ ತೆಳುವಾದ ಪೊರೆ ಕಟ್ಟಿರುತ್ತದೆ. ಆ ಪೊರೆಯ ಮೇಲೆ ಒತ್ತಿದ ಟೈಲ್ಸ್ ಅವತ್ತಿನ ಮಟ್ಟಿಗೆ ನಿಂತುಕೊಳ್ಳುತ್ತದೆ, ಅಷ್ಟೇ. ಅಂಟು ಬಳಿದ ಮೇಲೆ ಟೈಲ್ಸ್ ಕೂರಿಸಲು ಚೀಲದ ಮೇಲೆ ಬರೆದಿರುವ 20 ನಿಮಿಷ ಹದವಾದ ಹವೆಯ ಪ್ರಯೋಗಾಲಯದ ಲೆಕ್ಕ. ನಮ್ಮ ಊರಿನ ಬೇಸಿಗೆ ಮಧ್ಯಾಹ್ನದ ಲೆಕ್ಕವಲ್ಲ. ಅಂಟನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಬೆರಳಿಗೆ ಹತ್ತದಿದ್ದರೆ ಕೆರೆದು ಬಿಸಾಡಬೇಕು. ಒಮ್ಮೆಗೆ ಎರಡು ಮೂರು ಟೈಲ್ಸ್‌ಗೆ ಆಗುವಷ್ಟು ಮಾತ್ರ ಬಳಿಯಬೇಕು. ಕೆಲಸ ಬೆಳಿಗ್ಗೆಯೇ ಶುರುವಾಗಬೇಕು, ಬಿಸಿಲು ಬರುವ ಕಿಟಕಿಗೆ ಗೋಣಿಚೀಲ ಇಳಿಬಿಡಬೇಕು.

ಬಕೆಟ್‌ನಲ್ಲಿ ಉಳಿದದ್ದು ಗಟ್ಟಿಯಾದಾಗ "ಒಂದು ಚೊಂಬು ನೀರು ಹಾಕಿದರೆ ಮೆತ್ತಗಾಗುತ್ತದೆ ತಮ್ಮಾ" ಎಂದರು ಗೌಂಡಿ. ಜೋಳದ ಹಿಟ್ಟಿಗಾದರೆ ನೀರು ಚಿಮುಕಿಸಿ ಮತ್ತೆ ನಾದಬಹುದು. ಇದರೊಳಗಿನ ಸಿಮೆಂಟು ಆಗಲೇ ಬಿಗಿಯಲು ಆರಂಭಿಸಿರುತ್ತದೆ. ಆ ಹಂತದಲ್ಲಿ ಸುರಿದ ನೀರು ಬಲವನ್ನು ಕಳೆಯುತ್ತದೆಯೇ ಹೊರತು ಅಂಟನ್ನು ಮರಳಿಸುವುದಿಲ್ಲ. ಬಕೆಟ್‌ಗೆ ಮೊದಲು ಅಳತೆಯ ನೀರು, ಆಮೇಲೆ ಪುಡಿ. ಗಂಟಿಲ್ಲದಂತೆ ನಿಧಾನವಾಗಿ ಕಲಸಿ, ಐದರಿಂದ ಹತ್ತು ನಿಮಿಷ ಬಿಟ್ಟು, ಇನ್ನೊಮ್ಮೆ ಕಲಸಿ. ಅಳತೆ ಚೀಲದ ಮೇಲಿರುತ್ತದೆ. ಗೌಂಡಿಯ ಅಂದಾಜಿಗೆ ಬಿಡಬೇಡಿ.

ಹಾಗಾಗಿ ಕಂಪನಿ ಕೇಳಬೇಡಿ, ಚೀಲದ ಮೇಲೆ ಐಎಸ್ 15477 (ಟೈಲ್ಸ್ ಅಂಟಿನ ಭಾರತೀಯ ಮಾನದಂಡ) ಮತ್ತು ಟೈಪ್ ಸಂಖ್ಯೆ ನೋಡಿ. ವಿಟ್ರಿಫೈಡ್ ಟೈಲ್ಸ್ ನೀರು ಕುಡಿಯುವುದು ಶೇಕಡಾ 0.5ಕ್ಕಿಂತ ಕಡಿಮೆ, ಅದಕ್ಕೇ ಬರಿಯ ಸಿಮೆಂಟು ಹಾಲಿಗೆ ಹಿಡಿತ ಸಿಗುವುದಿಲ್ಲ, ಟೈಪ್ 1 ಕೂಡ ಸಾಲದು. ಗೋಡೆಗೆ ಟೈಪ್ 2 ಅಥವಾ 3 ತನ್ನಿ, ಪಕ್ಕದಲ್ಲಿ 'ಟಿ' ಇದ್ದರೆ ಟೈಲ್ಸ್ ಕೆಳಗೆ ಜಾರುವುದಿಲ್ಲ. ಟೈಲ್ಸ್ ಬೆನ್ನಿನ ಬಿಳಿ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಮುದ್ದೆ ಇಡುವ ಗೌಂಡಿಯಾದರೆ ಲೆಕ್ಕ ಚುಕ್ತಾ ಮಾಡಿ ಕಳುಹಿಸಿಬಿಡಿ. ಒಳಗೆ ಟೊಳ್ಳು ಉಳಿಯುತ್ತದೆ. ಆರಂಭದಲ್ಲೇ ಕೂರಿಸಿದ ಒಂದನ್ನು ಕಿತ್ತು ನೋಡಿ, ಬೆನ್ನು ಪೂರ್ತಿ ಮೆತ್ತಿರಬೇಕು. ಸಂದು ಬಿಡದೆ ಜೋಡಿಸುವುದು ಚೆಂದ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಇನ್ನು ಪಡಸಾಲೆ. ಸುತ್ತಲಿನ ಊರುಗಳಿಗೆಲ್ಲ ಇಲ್ಲಿಂದಲೇ ಶಹಾಬಾದ್ ಫರಸಿ ಕಲ್ಲು ಹೋಗುತ್ತದೆ, ನಾವು ಅದನ್ನೇ ಮುಚ್ಚಿ ಮಿರಮಿರ ಮಿಂಚುವ, ಒದ್ದೆ ಕಾಲಿಗೆ ಜಾರುವ ಟೈಲ್ಸ್ ಹಾಕುತ್ತೇವೆ! ಬೇಸಿಗೆಯಲ್ಲಿ ಬರಿಗಾಲಿಗೆ ಆ ಕಲ್ಲಿಗಿಂತ ಹಿತವಾದದ್ದು ಯಾವುದಿದೆ? ಸಂದು ಕೆದಕಿ ಹೊಸದಾಗಿ ತುಂಬಿಸಿ, ಪಾಲಿಶ್ ಮಾಡಿಸಿ. ಹಾಕಲೇಬೇಕೆಂಬ ಹಟವಿದ್ದರೆ ಒಂದೊಂದು ಕಲ್ಲನ್ನೂ ತಟ್ಟಿ, ಡಬಡಬ ಎನ್ನುವುದನ್ನು ಕೀಳಿಸಿ. ಎಣ್ಣೆ, ಮೇಣ ಹೋಗುವಂತೆ ತೊಳೆದು, ನುಣುಪು ಹೋಗುವಂತೆ ಕಚ್ಚು ಹಾಕಿಸಿ. ನೆಲ ಹೆಚ್ಚುಕಡಿಮೆ ಅರ್ಧ ಇಂಚು ಏರುತ್ತದೆ, ಬಾಗಿಲುಗಳ ಅಡಿ ಕತ್ತರಿಸಲು ಬಡಿಗೇರರಿಗೂ ಮೊದಲೇ ಹೇಳಿಡಿ.