ಐದು ಮೀಟರ್ ಮೊದಲೇ ಬ್ರೇಕ್

ಆಪ್ತ ಸಲಹೆಗಾರ್ತಿಯಾದ ನನ್ನ ಹತ್ತಿರ ಬಂದ ಒಬ್ಬ ಕಾರ್ ರೇಸ್ ಡ್ರೈವರ್ ಹುಡುಗನ ಕತೆ ಇದು. ಗುರುತು ಹತ್ತುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಹುಡುಗನ ಒಪ್ಪಿಗೆ ಇದೆ. "ಬರೀರಿ ಮೇಡಂ, ನನ್ನ ಲ್ಯಾಪ್ ಟೈಮ್ ಮಾತ್ರ ಹಾಕಬೇಡಿ" ಎಂದ.

ಆಗ ಅವನಿಗೆ 20 ವರ್ಷ. ಎಂಟಕ್ಕೆ ಕಾರ್ಟಿಂಗ್ (ಪುಟ್ಟ ರೇಸ್ ಗಾಡಿಗಳ ಓಟ) ಶುರು, 16ಕ್ಕೆ ಫಾರ್ಮುಲಾ 4. ಅಲ್ಲಿಂದ ಮೇಲಕ್ಕೆ 3, 2, ಕೊನೆಗೆ 1. ನನ್ನ ಹತ್ತಿರ ಬಂದಾಗ ಫಾರ್ಮುಲಾ 3ರಲ್ಲಿ ಮೊದಲ ಸೀಸನ್ ಅರ್ಧ ಮುಗಿದಿತ್ತು. ಕಳಿಸಿದ್ದು ಅವನ ಕೋಚ್. ಚೀಟಿಯಲ್ಲಿ ಬರೆದಿದ್ದು ಒಂದೇ ಸಾಲು: ಅಪಘಾತದ ನಂತರ ಭಯ. ಪ್ರಾಕ್ಟೀಸ್‌ನಲ್ಲಿ ಒಮ್ಮೆ ಗೋಡೆಗೆ ಬಡಿದಿದ್ದ. ಡಾಕ್ಟರು ತಲೆ, ಕುತ್ತಿಗೆ ಎಲ್ಲ ಪರೀಕ್ಷಿಸಿ ಏನೂ ತೊಂದರೆ ಇಲ್ಲ ಎಂದಿದ್ದರು. ಆದರೂ ಅಲ್ಲಿಂದಾಚೆಗೆ, ಗೋಡೆ ಹತ್ತಿರ ಇರುವ ತಿರುವುಗಳಲ್ಲಿ ತನ್ನದೇ ತಂಡದ ಇನ್ನೊಬ್ಬ ಡ್ರೈವರ್‌ಗಿಂತ ಐದು ಮೀಟರ್ ಮೊದಲೇ ಬ್ರೇಕ್ ತುಳಿಯುತ್ತಿದ್ದ. ಕಾರಿನ ವೇಗ, ಬ್ರೇಕ್ ಎಲ್ಲ ದಾಖಲಾಗುವ ಟೆಲಿಮೆಟ್ರಿಯಲ್ಲಿ ಇಬ್ಬರ ಗೆರೆಗಳನ್ನು ಒಂದರ ಮೇಲೊಂದು ಇಟ್ಟರೆ ಸಾಕು, ಎಲ್ಲರಿಗೂ ಕಾಣುತ್ತೆ. ಈ ಕೆಲಸದಲ್ಲಿ ಅಂಜಿಕೆಯನ್ನು ಬಚ್ಚಿಟ್ಟುಕೊಳ್ಳೋಕೂ ಜಾಗ ಇಲ್ಲ.

ಮೊದಲ ಭೇಟಿಯಲ್ಲಿ ಎಡವಿದ್ದು ನಾನು. ಚೀಟಿ ನಂಬಿದೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಹೊರಡುವ ಹೊತ್ತಿಗೆ "ರೇಸಿಂಗ್ ಬಿಟ್ಟು ಬೇರೆ ಏನಾದರೂ ಯೋಚನೆ ಮಾಡಿದ್ದೀರಾ?" ಎಂದು ಬೇರೆ ಕೇಳಿಬಿಟ್ಟೆ. ಮೂರು ವಾರ ಈ ಕಡೆ ತಲೆ ಹಾಕಲಿಲ್ಲ. ಹನ್ನೆರಡು ವರ್ಷ ಒಂದನ್ನೇ ಮಾಡಿದವನಿಗೆ ಮೊದಲ ದಿನವೇ ಕೇಳುವ ಪ್ರಶ್ನೆಯಾ ಅದು?

ಮತ್ತೆ ಬಂದಾಗ ಸಲಹೆ ಗಿಲಹೆ ಎಲ್ಲ ಪಕ್ಕಕ್ಕಿಟ್ಟೆ. "ಕಣ್ಣು ಮುಚ್ಚಿ ಒಂದು ಲ್ಯಾಪ್ ಹೇಳಿ" ಎಂದೆ. ಹೇಳುತ್ತಾ ಹೋದ. ನಾನು ಅವನ ಎಡಗಾಲು ನೋಡುತ್ತಿದ್ದೆ. ಈ ಕಾರುಗಳಲ್ಲಿ ಬ್ರೇಕ್ ಎಡಗಾಲಿನ ಕೆಲಸ, ಬಲಗಾಲಿಗೆ ಆಕ್ಸಿಲರೇಟರ್ ಮಾತ್ರ. ಪ್ರತಿ ತಿರುವಿಗೂ ಶೂ ನನ್ನ ಕಾರ್ಪೆಟ್ಟನ್ನು ಒತ್ತುತ್ತಿತ್ತು. ಮೊದಲು ಗಟ್ಟಿಯಾಗಿ, ಆಮೇಲೆ ನಿಧಾನಕ್ಕೆ ಬಿಡುತ್ತಾ. ನಾಲ್ಕನೇ ತಿರುವಿನ ಮಾತು ಬಾಯಿಗೆ ಬರುವ ಮೊದಲೇ ಕಾಲು ಕೆಳಗೆ ಹೋಗಿತ್ತು.

"ಈಗ ಏನು ಕಾಣಿಸಿತು?"

"ಗೋಡೆ."

"ಗೋಡೆ ಕಂಡರೆ ಏನು ನೆನಪಾಗುತ್ತೆ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಮೂಳೆ ಮುರಿಯುತ್ತೆ ಅಂತಲ್ಲ ಮೇಡಂ. ಫ್ರಂಟ್ ವಿಂಗ್‌ಗೆ ಎಷ್ಟಾಗುತ್ತೆ ಅಂತ."

ಫ್ರಂಟ್ ವಿಂಗ್ ಅಂದರೆ ಕಾರಿನ ಮೂತಿಯಲ್ಲಿರುವ ರೆಕ್ಕೆ; ಅವನ ತಲೆಯಲ್ಲಿದ್ದದ್ದು ಅದರ ಖರ್ಚು. ದುಡ್ಡಿನ ಈ ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ಕೆಳಗಿನ ಹಂತಗಳಲ್ಲಿ ಡ್ರೈವರ್‌ಗೆ ಸಂಬಳ ಬರಲ್ಲ, ಸೀಟಿಗೆ ಅವನೇ ದುಡ್ಡು ಕೊಡಬೇಕು. ಕಾರು ಜಖಂ ಆದರೆ ಆ ಬಿಲ್ಲು ಸಾಮಾನ್ಯವಾಗಿ ಬೇರೆ. ಸ್ಪಾನ್ಸರ್ ಕೈಬಿಟ್ಟ ಮೇಲೆ ಇವನ ಅಪ್ಪ ಮನೆ ಅಡವಿಟ್ಟಿದ್ದರು. ಅಪಘಾತದ ಬಿಲ್ಲು ಬಂದ ದಿನ ಅವರು ಅದನ್ನು ಓದಿ, ನಾಲ್ಕು ಮಡಿಕೆ ಮಾಡಿ, ಅಂಗಿಯ ಜೇಬಿಗೆ ಇಟ್ಟುಕೊಂಡರಂತೆ. ಒಂದು ಮಾತೂ ಆಡಲಿಲ್ಲ. "ಬೈದಿದ್ರೆ ಚೆನ್ನಾಗಿತ್ತು" ಎಂದ ಹುಡುಗ.

ಮುಂದಿನ ಸಲ ಅಪ್ಪನನ್ನೂ ಕರೆಸಿದೆ. ಕೂತ ಕೂಡಲೇ ಅವರು ನಿಕಿ ಲೌಡಾ ಹೆಸರು ತೆಗೆದರು. ಅವನೂ ಬ್ಯಾಂಕ್ ಸಾಲ ಮಾಡಿಯೇ ಫಾರ್ಮುಲಾ 1ಕ್ಕೆ ಬಂದಿದ್ದು, ಮೂರು ಸಲ ಚಾಂಪಿಯನ್ ಆಗಲಿಲ್ವಾ ಎಂದರು. ನಿಜವೇ. ಆದರೆ ಲೌಡಾ ಮನೆಯವರ ಮಾತು ಮೀರಿ, ತನ್ನ ಹೆಸರಲ್ಲೇ ಸಾಲ ಮಾಡಿದ್ದ. ಇಲ್ಲಿ ಸಾಲ ಅಪ್ಪನದು, ಸ್ಟೇರಿಂಗ್ ಮಗನದು. ಇಷ್ಟು ಹೇಳಿದೆ. ಅವರು ಬಹಳ ಹೊತ್ತು ಕಿಟಕಿ ನೋಡಿದರು. ಆಮೇಲೆ, "ನಾನು ಮಾತಾಡದೆ ಇದ್ದದ್ದು ಅವನಿಗೆ ಬೇಜಾರಾಗಬಾರದು ಅಂತ" ಎಂದರು. ಮಗ ತಿರುಗಿ ನೋಡಿದ.

ಲೆಕ್ಕ ತೆಗೆಯೋಣ ಎಂದೆ. ಸೀಸನ್‌ನಲ್ಲಿ ಉಳಿದ ರೇಸುಗಳೆಷ್ಟು, ಜಖಂಗೆ ಎಷ್ಟರವರೆಗೆ ಭರಿಸಬಹುದು, ಇನ್ಶೂರೆನ್ಸ್ ಮಾಡಿಸಿದರೆ ಕೈಯಿಂದ ಎಷ್ಟು ಹೋಗುತ್ತೆ. ಅಪ್ಪ ಒಂದು ಮೊತ್ತ ಬರೆದರು. ಅದು ದಾಟಿದರೆ ಸೀಸನ್ ಅಲ್ಲಿಗೆ ನಿಲ್ಲುತ್ತೆ, ಯಾರೂ ಯಾರನ್ನೂ ದೂರುವಂತಿಲ್ಲ. ಅದರೊಳಗೆ ಇರುವಷ್ಟು ದಿನ ಬಿಲ್ಲು ಅಪ್ಪ ಮತ್ತು ತಂಡದ ನಡುವಿನ ವಿಷಯ, ಮಗ ಕೇಳುವ ಹಾಗಿಲ್ಲ. ಹುಡುಗನಿಗೆ ಹೇಳಿದ ಕೆಲಸ ಒಂದೇ. ರೇಸ್ ಎಂಜಿನಿಯರ್ ಹತ್ತಿರ ಈ ಐದು ಮೀಟರ್ ವಿಷಯ ತಾನಾಗಿಯೇ ಬಾಯಿ ಬಿಟ್ಟು ಹೇಳಬೇಕು. ಟ್ರ್ಯಾಕ್ ಮೇಲಿನ ಒಂದೊಂದು ಸೆಷನ್‌ಗೆ ಒಂದೊಂದು ಮೀಟರ್ ಮಾತ್ರ ವಾಪಸ್ ತೆಗೆದುಕೊಳ್ಳಬೇಕು. ಐದನ್ನೂ ಒಟ್ಟಿಗೆ ತೆಗೆದುಕೊಳ್ಳಲು ಹೋದರೆ ಮತ್ತೆ ಗೋಡೆಯೇ ಗತಿ.

ಮುಂದಿನ ದಾರಿಯ ಮಾತು ತೆಗೆದದ್ದು ಇದಾದ ಮೇಲೆ, ಅದೂ ಅವನೇ ಕೇಳಿದಾಗ. ಫಾರ್ಮುಲಾ 1ರಲ್ಲಿ 2026ಕ್ಕೆ 11 ತಂಡ, 22 ಸೀಟು. ಅಲ್ಲಿ ಓಡಿಸಲು ಬೇಕಾದ ಸೂಪರ್ ಲೈಸೆನ್ಸ್‌ಗೆ ಮೂರು ವರ್ಷದಲ್ಲಿ 40 ಅಂಕ ಬೇಕು. ಫಾರ್ಮುಲಾ 3 ಗೆದ್ದರೂ 30 ಮಾತ್ರ. 2022ರಲ್ಲಿ ಫಾರ್ಮುಲಾ 2 ಚಾಂಪಿಯನ್ ಆದ ಫೆಲಿಪೆ ಡ್ರುಗೊವಿಚ್‌ಗೂ ಮುಂದಿನ ವರ್ಷ ರೇಸ್ ಸೀಟು ಸಿಗಲಿಲ್ಲ, ರಿಸರ್ವ್ (ಬದಲಿ ಡ್ರೈವರ್) ಆಗಿ ಕೂರಬೇಕಾಯಿತು. ಇದನ್ನೆಲ್ಲ ಹುಡುಗ ನನಗಿಂತ ಚೆನ್ನಾಗಿ ಬಲ್ಲ. ಆದರೆ ಮನೆಯಲ್ಲಿ "ರೇಸಿಂಗ್" ಅಂದರೆ ಫಾರ್ಮುಲಾ 1 ಅಂತಲೇ ಆಗಿಹೋಗಿತ್ತು. ಟಾಮ್ ಕ್ರಿಸ್ಟೆನ್ಸನ್ ಒಂದೂ ಫಾರ್ಮುಲಾ 1 ರೇಸ್ ಓಡಿಸಿದವನಲ್ಲ, ಫ್ರಾನ್ಸ್‌ನ ಹೆಸರಾಂತ ಲೆ ಮಾನ್ಸ್ 24 ಗಂಟೆ ರೇಸನ್ನು ಒಂಬತ್ತು ಸಲ ಗೆದ್ದ. ರಸ್ತೆ ಮೇಲಿನ ಸ್ಪೋರ್ಟ್ಸ್ ಕಾರುಗಳನ್ನೇ ಹೋಲುವ ಕಾರುಗಳ ಜಿಟಿ ರೇಸಿಂಗ್‌ನಲ್ಲಿ ದುಡ್ಡಿರುವ ಹವ್ಯಾಸಿಯೊಬ್ಬ ಖರ್ಚು ಹಾಕಿ, ಜೊತೆಗೆ ವೇಗದ ಡ್ರೈವರ್‌ನನ್ನು ಸಂಬಳಕ್ಕೆ ಇಟ್ಟುಕೊಳ್ಳುವುದುಂಟು. ಸಿಮ್ಯುಲೇಟರ್ ಡ್ರೈವರ್, ಕೋಚ್ ಇವರಿಗೂ ಸಂಬಳ ಇದೆ. ನೀವೇ ಆರಿಸಿ ಎಂದೆ. ಒಂದು ಷರತ್ತು: ಸೀಸನ್ ಮುಗಿಯುವವರೆಗೆ ಆರಿಸಬಾರದು, ಮುಗಿದ ತಿಂಗಳೊಳಗೆ ಆರಿಸಲೇಬೇಕು.

ಎರಡು ತಿಂಗಳ ನಂತರ ಒಂದು ಭಾನುವಾರ ರಾತ್ರಿ ಫೋನ್ ಬಂತು. ಏಳನೇ ಸ್ಥಾನವಂತೆ. ಕೊನೆಯ ಲ್ಯಾಪ್‌ನಲ್ಲಿ ಮುಂದಿನವನನ್ನು ಹಿಂದಿಕ್ಕಲು ಹೋಗಿ ವಿಂಗ್ ತುದಿ ಮುರಿದಿದೆ.

"ಎಷ್ಟಾಯ್ತಂತೆ?" ಎಂದೆ. ಬಾಯಿ ತಪ್ಪಿ ಬಂತು, ಕೇಳಬಾರದಿತ್ತು.

"ಗೊತ್ತಿಲ್ಲ ಮೇಡಂ, ನಾನು ಕೇಳೋ ಹಾಗಿಲ್ವಲ್ಲ" ಎಂದು ನಕ್ಕ.