ಮಂಜುಳಾಳ ಸಂಸಾರ ನೋಡಿ ಗಾಬರಿಯಾದವರಿಗೆ

ಮದುವೆಯಾಗಿ ಬರುವ ತಿಂಗಳು ಒಹಾಯೋಗೆ ಹೊರಟಿದ್ದೀರಿ. ಇಲ್ಲಿಯ ಇಂಗ್ಲಿಷ್ ಕಿವಿಗೆ ಹತ್ತಲಿ ಅಂತ ‘ದ ಸಿಂಪ್ಸನ್ಸ್’ ಅನ್ನುವ ಅಮೆರಿಕದ ಕಾರ್ಟೂನ್ ಧಾರಾವಾಹಿ ನೋಡಲು ಕೂತಿರಿ, ಅದರಲ್ಲಿ ಅಂಗಡಿ ನಡೆಸುವ ಭಾರತೀಯ ಅಪುವಿನ ಹೆಂಡತಿ ಮಂಜುಳಾಳನ್ನು ನೋಡಿ ಎದೆ ಧಸಕ್ಕಂದಿತು. ಎಂಟು ಮಕ್ಕಳು, ರಾಗ ಎಳೆಯುವ ಇಂಗ್ಲಿಷ್, ಹಗಲು ರಾತ್ರಿ ಅಂಗಡಿಯಲ್ಲೇ ಇರುವ ಗಂಡ. ‘ಅಲ್ಲಿ ನಮ್ಮನ್ನು ಹೀಗೇ ನೋಡ್ತಾರಾ, ಬದುಕು ಹೀಗೇ ಇರುತ್ತಾ’ ಅಂತ ಕೇಳಿದ್ದೀರಿ. ನಾನು 2003ರಲ್ಲಿ ಹಾಸನದಿಂದ ನ್ಯೂಜೆರ್ಸಿಗೆ ಬಂದವಳು, ಇಲ್ಲಿ ಕೆಲಸಕ್ಕೆ ಬಂದವರ ಹೆಂಡತಿಗೆ ಕೊಡುವ ಹೆಚ್4 ವೀಸಾದಲ್ಲಿ, ನಿಮ್ಮ ಹಾಗೇ. ಉತ್ತರ ಸ್ವಲ್ಪ ಉದ್ದ ಆಗುತ್ತೆ, ಕಾಫಿ ಹಿಡಿದು ಕೂತ್ಕೊಳ್ಳಿ.

ಹಾಗೆ ನೋಡುತ್ತಿದ್ದರು, ಅದು ಸುಳ್ಳಲ್ಲ. ನಾನು ಬಂದ ಮೊದಲ ಚಳಿಗಾಲ. ತರಕಾರಿ ಕೊಂಡು ಇಬ್ಬರೂ ಸಾಲಿನಲ್ಲಿ ನಿಂತಿದ್ದೆವು. ನಮ್ಮವರು ದುಡ್ಡು ಕೊಟ್ಟು ಚೀಲ ಎತ್ತಿಕೊಳ್ಳುವಾಗ ಹಿಂದೆ ನಿಂತಿದ್ದ ಹತ್ತು ವರ್ಷದ ಹುಡುಗ ತಲೆ ಆಡಿಸುತ್ತಾ ‘ಥ್ಯಾಂಕ್ ಯೂ, ಕಮ್ ಅಗೇನ್’ ಅಂದ. ಎಷ್ಟು ಮರ್ಯಾದೆ ಕಲಿಸಿದ್ದಾರೆ ಮಗುವಿಗೆ ಅಂದುಕೊಂಡು ನಾನು ನಕ್ಕು ಕೈ ಬೀಸಿದೆ. ಅವನ ಅಮ್ಮನ ಮುಖ ಕೆಂಪಾಯಿತು. ಕಾರಿನಲ್ಲಿ ಕೂತ ಮೇಲೆ ನಮ್ಮವರು ಹೇಳಿದರು, ಅದು ಕಾರ್ಟೂನಿನಲ್ಲಿ ಅಪು ಗಿರಾಕಿಗಳಿಗೆ ಹೇಳುವ ಮಾತು, ಆ ಹುಡುಗ ಆಡಿಕೊಂಡಿದ್ದು ನಮ್ಮನ್ನೇ ಅಂತ. ಆ ರಾತ್ರಿಯೇ ಹಟ ಹಿಡಿದು ಆ ಕಾರ್ಯಕ್ರಮ ಹುಡುಕಿ ನೋಡಲು ಶುರು ಮಾಡಿದೆ. ಏನು ಅಂತ ಗೊತ್ತಿಲ್ಲದೆ ಅವಮಾನ ಮಾಡಿಸಿಕೊಳ್ಳುವುದು ಇನ್ನೂ ಕಷ್ಟ, ಅಲ್ವಾ?

ನೋಡಿದ ಮೇಲೆ ಗೊತ್ತಾಗಿದ್ದು ಆ ರಾಗ ನಮ್ಮದಲ್ಲ ಅಂತ. ಅಪುವಿಗೆ ಧ್ವನಿ ಕೊಟ್ಟವರು ಹ್ಯಾಂಕ್ ಅಜಾರಿಯಾ, ಮಂಜುಳಾಗೆ ಮೊದಲ ಐದಾರು ವರ್ಷ ಜ್ಯಾನ್ ಹುಕ್ಸ್. ಇಬ್ಬರೂ ಅಮೆರಿಕದ ಬಿಳಿಯರು. ಭಾರತೀಯರು ಹೀಗೆ ಮಾತಾಡ್ತಾರೆ ಅಂತ ಅವರಿಗೆ ಅನ್ನಿಸಿದ ಇಂಗ್ಲಿಷ್ ಅದು. ಅದನ್ನು ಕೇಳಿ ಬೆಳೆದ ಹರಿ ಕೊಂಡಬೋಲು ಅನ್ನುವ ಹಾಸ್ಯಗಾರ 2017ರಲ್ಲಿ ಅಪುವಿನ ಮೇಲೆ ಒಂದು ಸಾಕ್ಷ್ಯಚಿತ್ರವನ್ನೇ ಮಾಡಿದರು. ಊರೆಲ್ಲ ಜಗಳ ಆಯಿತು. 2020ರಲ್ಲಿ ಅಜಾರಿಯಾ ಇನ್ನು ಆ ಧ್ವನಿ ಕೊಡಲ್ಲ ಅಂದುಬಿಟ್ಟರು. ನನ್ನ ಮಗಳ ಜೊತೆ ಓದಿದ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಅಪು ಯಾರು ಅಂತಲೇ ಗೊತ್ತಿಲ್ಲ. ಹಾಗಾಗಿ ಈ ಭಯವನ್ನು ಅರ್ಧ ಇಳಿಸಿಕೊಳ್ಳಿ. ಇನ್ನರ್ಧ ಇರಲಿ, ಎಲ್ಲೋ ಒಬ್ಬ ಸಿಕ್ಕೇ ಸಿಗುತ್ತಾನೆ.

ಇನ್ನು ಮಂಜುಳಾ. ನನಗೆ ಅವಳ ಮೇಲೆ ಕೋಪ ಬರಲೇ ಇಲ್ಲ. ಹೆಸರೇ ಕಾರಣ ಇರಬೇಕು, ನಮ್ಮ ತರಗತಿಯಲ್ಲೇ ಮೂರು ಜನ ಮಂಜುಳಾ ಇದ್ದರು. (ಅವಳ ಅಡ್ಡಹೆಸರು ನಹಸಪೀಮಪೆಟಿಲಾನ್ ಅಂತೆ, ಯಾವ ಊರಿನದೋ ದೇವರೇ ಬಲ್ಲ!) 1997ರ ಆ ಮದುವೆ ಕಂತು ನೋಡಿ. ಮದುವೆ ಬೇಡ ಅಂತ ಅಪು ತಾಯಿಗೆ ಸುಳ್ಳು ಹೇಳುತ್ತಾನೆ, ಗಿರಾಕಿ ಹೋಮರ್‌ನ ಹೆಂಡತಿಯನ್ನು ತನ್ನ ಹೆಂಡತಿ ಅನ್ನುತ್ತಾನೆ, ಆ ಹೋಮರ್ ಗಣಪತಿ ವೇಷ ಹಾಕಿ ಮಂಟಪಕ್ಕೆ ನುಗ್ಗುತ್ತಾನೆ. ಇಷ್ಟೆಲ್ಲ ಗಲಾಟೆಯ ನಡುವೆ ನೆಟ್ಟಗೆ ಮಾತಾಡುವವಳು ಅವಳೊಬ್ಬಳೇ. ಮುಂದೆ ಗಂಡ ದಾರಿ ತಪ್ಪಿದಾಗ ಮುಲಾಜಿಲ್ಲದೆ ಮನೆಯಿಂದ ಹೊರಗೆ ಹಾಕುತ್ತಾಳೆ. ಪೆದ್ದಿ ಅಲ್ಲ ಅವಳು.

ಆ ಎಂಟು ಮಕ್ಕಳ ಕಂತು ಬಂದಿದ್ದು 1999ರಲ್ಲಿ. ನಾನು ನೋಡಿದ್ದು 2006ರಲ್ಲಿ, ಮಗಳು ಹುಟ್ಟಿದ ಮೇಲೆ, ರಾತ್ರಿ ಎರಡು ಗಂಟೆಗೆ ಹಾಲು ಕುಡಿಸುತ್ತಾ. ಮೊದಲು ಎಲ್ಲರೂ ಉಡುಗೊರೆ ತರುತ್ತಾರೆ. ಪಕ್ಕದ ಊರಿನಲ್ಲಿ ಯಾರಿಗೋ ಒಂಬತ್ತು ಮಕ್ಕಳು ಹುಟ್ಟಿದವು ಅಂತ ಸುದ್ದಿ ಬಂದಿದ್ದೇ ಕೊಟ್ಟಿದ್ದನ್ನೆಲ್ಲ ವಾಪಸ್ ಒಯ್ಯುತ್ತಾರೆ. ಎಲ್ಲರಿಗೂ ಅದು ನಗು. ನನಗೆ ಮಾತ್ರ, ಇವಳ ಬಾಣಂತನ ಯಾರಪ್ಪಾ ಮಾಡ್ತಾರೆ ಅನ್ನುವ ಚಿಂತೆ. ಒಂದೇ ಮಗುವಿಗೆ ನನ್ನ ಸೊಂಟ ಬಿದ್ದುಹೋಗಿತ್ತು.

ನನ್ನ ಅದೃಷ್ಟಕ್ಕೆ ಅಮ್ಮ ಬಂದಿದ್ದರು, ಆರು ತಿಂಗಳಿಗೆ. ಸೂಟ್‌ಕೇಸ್ ತುಂಬ ಮೆಂತ್ಯದ ಪುಡಿ, ಓಮ, ಅಂಟಿನುಂಡೆ. ಮೂರನೇ ದಿನ ಮಗುವಿಗೆ ಎಣ್ಣೆನೀರು ಹಾಕಿ, ಬಾಣಲೆಯಲ್ಲಿ ಕೆಂಡ ಮಾಡಿಕೊಂಡು ಸಾಂಬ್ರಾಣಿ ಹಾಕಿದರು. ಹೊಗೆ ಮೇಲೆದ್ದಿದ್ದೇ ತಡ, ಹೊಗೆ ಅಲಾರಂ ಕಿರುಚಿಕೊಂಡಿತು. ಮೊದಲು ನಮ್ಮ ಮನೆಯದು, ಆಮೇಲೆ ಇಡೀ ಕಟ್ಟಡದ್ದು. ಜನ ಎಲ್ಲ ಕೆಳಗೆ ಇಳಿದರು, ಬೆಂಕಿ ನಂದಿಸುವ ಗಾಡಿ ಬಂತು. ಹೆಲ್ಮೆಟ್ ಹಾಕಿಕೊಂಡ ಆರಡಿ ಆಳು ಬಾಗಿಲಲ್ಲಿ ನಿಂತರೆ ಅಮ್ಮ ಒದ್ದೆ ಕೈಯಲ್ಲೇ ಬಾಣಲೆ ತೋರಿಸಿ ‘ಬೇಬಿ ಹೇರ್, ಬೇಬಿ ಹೇರ್’ ಅಂತಿದ್ದಾರೆ. ಆತ ಬಗ್ಗಿ ಮೂಸಿ ನೋಡಿ ‘ಸ್ಮೆಲ್ಸ್ ನೈಸ್’ ಅಂದು ಹೋದ. ಎದುರು ಮನೆಯ ಪೋಲೆಂಡಿನ ಅಜ್ಜಿ ನನ್ನ ಜೊತೆ ಮೊದಲ ಸಲ ಮಾತಾಡಿದ್ದು ಅವತ್ತೇ. ಅಮ್ಮ ವಾಪಸ್ ಹೋದ ಮೇಲೆ ನನಗೆ ಜ್ವರ ಬಂದಾಗ ಮಗುವನ್ನು ಎತ್ತಿಕೊಂಡಿದ್ದು ಆ ಅಜ್ಜಿಯೇ. ಕನ್ನಡ ಕೂಟಕ್ಕೂ ಹೋಗಿ, ಖಂಡಿತ ಹೋಗಿ, ಯುಗಾದಿಗೆ ಹೋಳಿಗೆ ಸಿಗುತ್ತೆ. ಆದರೆ ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಬಹುದಾದವರು ಪಕ್ಕದ ಮನೆಯವರು ಮಾತ್ರ.

ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಬೇರೆ. ಅಪು ಕಂಪ್ಯೂಟರ್ ಸೈನ್ಸ್‌ನಲ್ಲಿ ಡಾಕ್ಟರೇಟ್ ಮಾಡಿದವನು ಅಂತ ಆ ಕಾರ್ಯಕ್ರಮದಲ್ಲೇ ಹೇಳುತ್ತಾರೆ. ಮಂಜುಳಾ ಏನು ಓದಿದ್ದಳು? ನಾನು ನೋಡಿದ ಕಂತುಗಳಲ್ಲಿ ಎಲ್ಲೂ ಬರಲಿಲ್ಲ. ಅಪುವಿನ ಹೆಂಡತಿ, ಮಕ್ಕಳ ತಾಯಿ, ಮುಗೀತು. ಹೆಚ್4ನಲ್ಲಿ ಆಗುವುದು ಇದೇ. ನಾನು ಎಂ.ಎಸ್ಸಿ. ಮಾಡಿ ಎರಡು ವರ್ಷ ಪಾಠ ಹೇಳಿ ಬಂದವಳು. ಇಲ್ಲಿ ಬ್ಯಾಂಕಿನ ಅರ್ಜಿಯಲ್ಲಿ ‘ವೃತ್ತಿ’ ಅನ್ನುವ ಕಡೆ ನಾನು ಪೆನ್ನು ಎತ್ತುವ ಮೊದಲೇ ಗುಮಾಸ್ತೆ ‘ನನ್’, ಅಂದರೆ ಏನೂ ಇಲ್ಲ, ಅಂತ ಬರೆದುಕೊಂಡಳು. ಆಗ ಕೆಲಸಕ್ಕೆ ಅವಕಾಶವೇ ಇರಲಿಲ್ಲ. 2015ರ ಮೇ ತಿಂಗಳಿಂದ ನಿಯಮ ಸ್ವಲ್ಪ ಸಡಿಲ ಆಗಿದೆ. ಗಂಡನ ಗ್ರೀನ್ ಕಾರ್ಡ್ ದಾರಿಯಲ್ಲಿ ಐ-140 ಅನ್ನುವ ಹಂತ ಮಂಜೂರಾಗಿದ್ದರೆ ಹೆಂಡತಿಯೂ ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು. ನಿಮ್ಮವರದ್ದು ಎಲ್ಲಿಗೆ ಬಂದಿದೆ ಅಂತ ಈಗಲೇ ಕೇಳಿ, ಸಂಕೋಚ ಬೇಡ. ಬಂದ ದಿನದಿಂದ ಓದಲು ಮಾತ್ರ ಯಾವ ತಡೆಯೂ ಇಲ್ಲ. ಅಂಕಪಟ್ಟಿಗಳ ಮೂಲ ಪ್ರತಿಗಳನ್ನು ಕೈಚೀಲದಲ್ಲೇ ತನ್ನಿ. ಉಪ್ಪಿನಕಾಯಿ ಇಲ್ಲೂ ಸಿಗುತ್ತೆ.

ಆಮೇಲೆ ಡ್ರೈವಿಂಗ್. ಇದನ್ನು ಮುಂದಕ್ಕೆ ಹಾಕಬೇಡಿ. ಹಾಲು ಬೇಕು ಅಂದರೂ ಶನಿವಾರದವರೆಗೆ ಗಂಡನಿಗೆ ಕಾಯುತ್ತಾ ಎರಡು ವರ್ಷ ಕೂತವಳು ನಾನು, ಸುಮ್ನೆ ಹೇಳ್ತಿಲ್ಲ. ಲೈಸೆನ್ಸ್ ಸಿಕ್ಕ ಮೊದಲ ವಾರ ಒಬ್ಬಳೇ ಡೆಲಾವೇರ್ ನದಿ ದಾಟಿ ಪೆನ್ಸಿಲ್ವೇನಿಯಾಗೆ ಹೋದೆ. ಪೆಟ್ರೋಲ್ ಬಂಕಿನಲ್ಲಿ ಗಾಜು ಇಳಿಸಿ ಕೂತೆ, ಹತ್ತು ನಿಮಿಷ ಯಾರೂ ಬರಲಿಲ್ಲ. ನಮ್ಮ ನ್ಯೂಜೆರ್ಸಿಯಲ್ಲಿ 1949ರ ಕಾನೂನಿನ ಪ್ರಕಾರ ಪೆಟ್ರೋಲನ್ನು ಬಂಕಿನವರೇ ಹಾಕಬೇಕು, ಬೇರೆ ಕಡೆ ಹಾಗಲ್ಲ ಅಂತ ಯಾರೂ ಹೇಳಿರಲಿಲ್ಲ. ಒಹಾಯೋದಲ್ಲಿ ನೀವೇ ಹಾಕಿಕೊಳ್ಳಬೇಕು. ಪೆಟ್ರೋಲ್ ಅಂದರೆ ಅರ್ಥ ಆಗಲ್ಲ, ಗ್ಯಾಸ್ ಅನ್ನಿ. ಹಸಿರು ಹಿಡಿಕೆ ಸಾಮಾನ್ಯವಾಗಿ ಡೀಸೆಲ್ಲಿನದು, ಅದನ್ನು ಮುಟ್ಟಬೇಡಿ.